ಅಂಬಾರಾಯನ ಕೈಲೆ ಕಳಿಸಿದ ಗಂಟು

ಸದಾಶಿವ ಪೇಠ, ಪುಣೆ
೯ ಜೂನ್ ೨೦೨೪

ರೇಣೂ,

ಮದಲ ಮ್ಯಾಲ ತಾರೀಖು ನೋಡು. ನಾಕನೇ ಇಯತ್ತೆ ಕಲತ ಮುದುಕಿ ನಾನು, ಆದ್ರೂ ತಾರೀಖು ಬಿಡಂಗಿಲ್ಲ. ಬಿಟ್ರ ನಮ್ಮೂರ ಮಾಸ್ತರು ಬೆರಳ ಗಂಟಿನ ಮ್ಯಾಲ ಫೂಟಪಟ್ಟಿಲೆ ಬಾರಸ್ತಿದ್ದರು. ನೀನು ಪುಣೆ ಸಾಲ್ಯಾಗ ಹದಿನೈದ ವರ್ಷ ಕಲತು ಹ್ವಾದ ಸಲದ ಕಾಗದಕ್ಕ ತಾರೀಖನ ಹಾಕಿಲ್ಲ. ಅವರ ಹಂತೇಲಿ ಫೂಟಪಟ್ಟಿ ಇರಲಿಲ್ಲೇನು? ಕನ್ನಡ ಅಕ್ಷರ ನಿನಗ ನಾನ ಕಲಿಸಿದ್ದು, ರೊಟ್ಟಿ ಬಡಿಯೋ ಹಲಗಿ ಮ್ಯಾಲ ಹಿಟ್ಟು ಹರವಿ. ಅವತ್ತ ತಾರೀಖೂ ಕಲಿಸಬೇಕಾಗಿತ್ತು.

ನಾನಂತೂ ಫೋನ್ ಮಾಡಾಕಿ ಅಲ್ಲ. ಕಿವಿ ಎರಡೂ ಕೈ ಬಿಟ್ಟಾವ. ಫೋನ್ ಹಿಡದ್ರ ಜೇನಹುಳ ಹೊಕ್ಕಂಗ ಗುಂಯ್ ಅಂತದ. ನಿಮ್ಮ ರೇಸ್ ಕುದುರಿ ತಬೇಲಾದ ಸಾಹೇಬಂತೂ ನನಗಿಂತ ಶಾಣ್ಯಾ. ಯಾವ ಕುದುರಿ ಜೋರ ಅದ, ಯಾವುದು ಕುಂಟತದ ಅನ್ನೋ ಸುದ್ದಿ ಬಾಜಿ ಕಟ್ಟೋ ಮಂದೀಗೆ ಮುಟ್ಟಬಾರದಂತ ನಿಮ್ಮೆಲ್ಲಾರ ಫೋನ್ ಗೇಟಿನ ಡಬ್ಬ್ಯಾಗ ಹಾಕಿ ಕೀಲಿ ಜಡೀತಾನಂತ. ಕುದುರಿ ಗುಟ್ಟು ಕಾಯಾಕ ಎಷ್ಟ ಬಂದೋಬಸ್ತ!

ಇರಲಿ, ನಮಗ ಅಂಬಾರಾಯ ಅದಾನಲ್ಲ. ಹದಿನೈದ ದಿನಕ್ಕೊಮ್ಮೆ ಕುದುರಿ ಔಷಧಾ ಒಯ್ಯಾಕ ಪುಣೆಕ್ಕ ಬಂದಾಗ ಬಸ್ಸಿಳದು ಸೀದಾ ನಮ್ಮ ವಾಡೇಕ್ಕ ಬರತಾನ. ಕಲಬುರ್ಗಿ ಕಡೆಯಾವ, ನಮ್ಮ ಮಾತಿನಾವ. ನಿಮ್ಮ ತಬೇಲಾಕ್ಕ ಜಮಾದಾರ, ಕುದುರಿ ನೋಡೋ ಸಾಯೀಸರಿಗೆಲ್ಲಾ ಹಿರೇಮನಿಷ್ಯಾ, ಆದ್ರೂ ನನ್ನ ಕಾಲ ಮುಟ್ಟಲಾರದ ಗಂಟು ತೊಗೊಳಂಗಿಲ್ಲ. ಸೊಲ್ಲಾಪುರದಾಗ ನಿಮ್ಮಪ್ಪ "ಹೆಣ್ಣಹುಡುಗಿ ಕುದುರಿ ಲದ್ದಿ ಬಳೀತಾಳೇನು" ಅಂತ ಹಾರ್ಯಾಡಿದಾಗ "ನಾ ಅದೀನ್ರಿ" ಅಂತ ಎದಿ ತಟ್ಟಿ ನಿನಗ ಕೆಲಸ ಕೊಡಿಸಿದಾವ ಅವನ. ಅವನ ಮಾತು ಮೀರಬ್ಯಾಡ.

ನಿಮ್ಮಜ್ಜ ಇದ್ದಿದ್ರ ಕುಣೀತಿದ್ದ. ಶಿವಾಜಿನಗರ ಟೇಸನ್ ಮುಂದ ಮೂವತ್ತ ವರ್ಷ ಟಾಂಗಾ ಹೊಡದಾವ. ಮದಲ ಕುದುರಿ ಉಣಬೇಕು, ಆಮ್ಯಾಲ ತಾನು, ಉಳದ್ರ ನಾನು. ಅವನ ಆ ಕುದುರಿ ಹುಚ್ಚು ನಿಮ್ಮವ್ವನ್ನ ಬಿಟ್ಟು ನಿನಗ ಹತ್ತೇದ.

ಗಂಟಿನಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಅದಾವ. ಒಬ್ಬಾಕೀನ ತಿನಬ್ಯಾಡ.

ನಿನ್ನ ಆಯಿ
ಚನ್ನಬಸವ್ವ


ತಬೇಲಾ
೨೩ ಜೂನ್ ೨೦೨೪

ಆಯೀ,

ತಾರೀಖು ಹಾಕೀನಿ. ನಾ ಚಲೋ ಅದೀನಿ. ಮಳಿ ಸುರು ಆಗೇದ. ನಸಿಕಲೆ ನಾಕಕ್ಕ ಏಳತೀವಿ.

ನನಗ ಮೂರು ಕುದುರಿ ಕೊಟ್ಟಾರ. ಅದರಾಗೊಂದು ಮೂರು ವರ್ಷದ ಹೆಣ್ಣು. ಕಾಗದದಾಗಿನ ಹೆಸರು ಇಂಗ್ಲಿಷಿನಾಗ ಮಾರುದ್ದ ಅದ, ನಾ ಶೇಂಗಾ ಅಂತೀನಿ. ಯಾಕಂದ್ರ ನೀ ಕಳಿಸಿದ ಹಿಂಡಿ ವಾಸನಿಗೆ ನನ್ನ ಜೋಳಿಗೀನ ಕಚ್ಚಿ ಎಳದಳು. ಅಕ್ಟೋಬರದಾಗ ಆಕೀದು ಮದಲ ರೇಸ್.

ಸಪ್ಟಂಬರದಾಗ ಸಾಹೇಬರು ಸವಾರಿ ಪರೀಕ್ಷಾ ಇಟ್ಟಾರ. ಪಾಸಾದ್ರ ಬರೇ ತೊಳಿಯೋದು ತಿಕ್ಕೋದಲ್ಲ, ನಸಿಕಿನ ತಾಲೀಮಿಗೆ ಕುದುರಿ ಹತ್ತಿ ಓಡಸಬಹುದು. ಇಲ್ಲಿ ತನಕ ಯಾವ ಹುಡುಗೀನೂ ಹತ್ತಿಲ್ಲ. ಪರೀಕ್ಷಾದ ಯಾದ್ಯಾಗ ಯಾರ ಹೆಸರು ಅನ್ನೋದು ಜಮಾದಾರರ ಕೈಯಾಗ ಅದ.

ಗಂಟು ಕಳಸೋದು ಬ್ಯಾಡ. ಇಲ್ಲೆ ಊಟಾ ಸಿಗತದ. ಇದೊಂದು ಸಲ ಅಜ್ಜನ ಹಳೇ ಅಂಗಿ ಎರಡು ಕಳಸು. ಸಡಲ ಇರೋವು, ಕುತ್ತಗಿ ತನಕ ಗುಂಡಿ ಇರೋವು.

ರೇಣು


ಸದಾಶಿವ ಪೇಠ
೭ ಜುಲೈ ೨೦೨೪

ರೇಣೂ,

ಇದೇನು ಕಾಗದೋ, ರೇಶನ್ ಅಂಗಡಿ ಮುಂದಿನ ಹಲಗೀನೋ? ನಾ ಚಲೋ ಅದೀನಿ, ಮಳಿ ಆಗೇದ, ಊಟಾ ಸಿಗತದ. ಕುದುರಿ ಬಗ್ಗೆ ಇಷ್ಟುದ್ದ, ನಿನ್ನ ಬಗ್ಗೆ ಅರ್ಧ ಸಾಲು.

ಗಂಟು ಬ್ಯಾಡ ಅಂತೀ. ಯಾಕ, ನಾಚಿಕಿ ಬಂತೇನು? ಅಲ್ಲಿ ಹುಡುಗ್ಯಾರು ಬ್ರೆಡ್ ತಿಂತಾರಂತ ನಿನಗ ನನ್ನ ಕಟಕ ರೊಟ್ಟಿ ಮುಜುಗರ ಆತೇನು? ಇದ ರೊಟ್ಟಿ ಮಾರಿ ನಿನ್ನ ಸಾಲಿ ಕಲಿಸೀನಿ. ನಮ್ಮ ವಾಡೇದ ಮ್ಯಾಲಿನ ಖೋಲ್ಯಾಗ ಸರ್ಕಾರಿ ಪರೀಕ್ಷೇಕ್ಕ ಓದೋ ಸ್ನೇಹಲ್ ಅಂತ ಹುಡುಗಿ ಬಂದಾಳ. ಅಪ್ಪಟ ಮರಾಠಿ ಕೂಸು. ಮುಂಜಾನೆ ಎದ್ದು "ಆಜೀ, ಭಾಕರೀ" ಅಂತ ಕಿವಿ ಹತ್ತರ ಬಾಯಿ ಇಟ್ಟು ಒದರತಾಳ. ಆಕಿಗಿಲ್ಲದ ನಾಚಿಕಿ ನಿನಗ್ಯಾಕ?

ಅಂಗಿ ಕಳಸೀನಿ. ಸೊಳ್ಳಿ ಭಾಳ ಇರಬೇಕು, ಅದಕ್ಕ ಕುತ್ತಗಿ ತನಕ ಬೇಡೀದಿ. ಬೇವಿನೆಣ್ಣೀನೂ ಇಟ್ಟೀನಿ, ಹಚಗೋ. ಅಂಬಾರಾಯ "ಹುಡುಗಿ ಭಾಳ ಚುರುಕ ಅದ್ರಿ ಅವ್ವಾರ, ಬರೇ ಮಾತು ಕಡಿಮಿ" ಅಂದ. "ನಮ್ಮ ಮನ್ಯಾಗ ಆಕೀ ಪಾಲಿನ ಮಾತು ನಾನ ಆಡೀನಿ ತಮ್ಮಾ" ಅಂದೆ. ಭಾಳ ನಕ್ಕ.

ಆಯಿ


ತಬೇಲಾ
೧೮ ಜುಲೈ ೨೦೨೪

ಆಯೀ,

ಇದನ್ನ ಟಪಾಲಿಗೆ ಹಾಕಸೀನಿ. ನನ್ನ ಖೋಲ್ಯಾಗ ಇರೋ ವರದಾ ಹಲ್ಲ ತೋರಸಾಕ ತಾಲೂಕಿಗೆ ಹೊಂಟಾಳ. ನಾಕು ವರ್ಷದಿಂದ ಇಲ್ಲೆ ಸಾಯೀಸ್ ಅದಾಳ. ಆಕೀ ಕೈಲೆ.

ಕುದುರಿ ಕಾಲಿಗೆ ಪಟ್ಟಿ ಸುತ್ತೋದು ನೀ ನೋಡೀದಿ. ಅಜ್ಜ ಸುತ್ತತಿದ್ದ ಅಂತಿದ್ದಿ. ಕುಕ್ಕರಗಾಲಿಲೆ ಕುಂತು ಕಾಲು ಕೈಯಾಗ ಹಿಡೀಬೇಕು. ತಟ್ಟನ ಏಳಂಗಿಲ್ಲ. ಚೀರಂಗಿಲ್ಲ. ಚೀರಿದ್ರ ಕುದುರಿ ಬೆದರತದ, ಗ್ವಾಡಿಗೆ ಒದ್ದು ಕಾಲು ಕೆಡಿಸಿಕೋತದ. ಕೆಲಸಕ್ಕ ಬಂದ ದಿನ ಕಲಸೋ ಮದಲ ಪಾಠ ಅದ.

ಇಲ್ಲೊಬ್ಬಾವ ಅದಾನ. ಅವಗ ಇದು ಭಾಳ ಚಲೋ ಗೊತ್ತದ. ನಾ ಪಟ್ಟಿ ಸುತ್ತೋ ಹೊತ್ತಿಗೇ ಹಿಂದ ಬಂದು ನಿಂದ್ರತಾನ. ಮದಲ ಬರೇ ನಿಂದ್ರತಿದ್ದ. ಆಮ್ಯಾಲ ಹೆಗಲಿಗೆ ಕೈ ಹಾಕಿದ. ಈಗ ಅಂಗಿ ಒಳಗ ಹಾಕತಾನ. ನಾ ಸುತ್ತತ ಇರತೀನಿ ಆಯೀ. ಎಷ್ಟು ಸುತ್ತಾತು ಅಂತ ಎಣಸ್ತೀನಿ. ಪಟ್ಟಿ ಸಡಲ ಆಗಬಾರದು, ಬಿಗಿ ಆಗಬಾರದು.

ಅಂಗಿ ಸೊಳ್ಳಿಗಲ್ಲ.

ಯಾರ ಮುಂದೂ ಹೇಳಬ್ಯಾಡ. ಯಾರ ಮುಂದೂ ಅಂದ್ರ ಯಾರ ಮುಂದೂ. ಬರಿಯೋದಿದ್ರ ಟಪಾಲಿಗೆ ಹಾಕು, ಗಂಟಿನಾಗ ಇಡಬ್ಯಾಡ.

ರೇಣು


ಸದಾಶಿವ ಪೇಠ
೨೧ ಜುಲೈ ೨೦೨೪

ನನ್ನ ಕೂಸ,

ನಿನ್ನ ಕಾಗದ ನಿನ್ನೆ ಮುಟ್ಟತು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು, ನನಗ ವಾಸನೀನ ಬರಲಿಲ್ಲ. ಅವನ ಕೈಗೆ ಹುಳಾ ಬೀಳಲಿ. ಯಾವನವಾ? ಮುಂಬೈ ಕಡಿಂದ ಬಂದು ಹೋಗೋ ಸವಾರ ಇರಬೇಕು. ನಾಜೂಕ ಬೂಟು ಹಾಕೋ ಮಂದಿ ಮ್ಯಾಲ ನನಗ ಮದಲಿಂದ ಸಂಶಯ.

ಹೆದರಬ್ಯಾಡ. ವ್ಯವಸ್ಥಾ ಮಾಡೀನಿ. ಯಾರ ಮುಂದೂ ಹೇಳಬ್ಯಾಡ ಅಂದೀ ಖರೆ. ಆದ್ರ ಯಾರೂ ಅಂದ್ರ ಪರಮಂದಿ. ಅಂಬಾರಾಯ ಪರಮಂದಿ ಅಲ್ಲ. ಇವತ್ತ ಗಂಟು ಒಯ್ಯಾಕ ಬಂದಾಗ ಬಾಗಲಾ ಮುಂದ ಮಾಡಿ ಎಲ್ಲಾ ಹೇಳಿದೆ. ಪಟ್ಟಿ ಸುತ್ತೋ ಹೊತ್ತಿಗೆ ಒಬ್ಬಾವ ಬರತಾನಂತ, ಅಂಗ್ಯಾಗ ಕೈ ಹಾಕತಾನಂತ. ಅವನ ಮಾರಿ ಬಿಳುಪೇರಿತು ನೋಡು. ಕೈಯಾಗಿನ ಚಹಾ ಕೆಳಗಿಟ್ಟ. "ಹೆಸರು ಬರದಾಳೇನ್ರಿ ಅವ್ವಾರ" ಅಂತ ಮೂರು ಸಲ ಕೇಳಿದ. ಇಲ್ಲಪಾ ಅಂದೆ. ಪಾಪ, ಅಷ್ಟು ಕಳವಳ ಅವಗ. ಸ್ವಂತ ಅಪ್ಪಗೂ ಇರಂಗಿಲ್ಲ.

ಆಮ್ಯಾಲ ಅಂದ, "ಚಿಂತಿ ಬಿಡ್ರಿ. ನಾಳೀನ ಆಕೀನ ಆ ದೊಡ್ಡ ಖೋಲಿಯಿಂದ ತಗದು ನನ್ನ ಖೋಲಿ ಬಾಜೂಕ ಹಾಕತೀನಿ. ನನ್ನ ಕಣ್ಣ ತಪ್ಪಿಸಿ ಸೊಳ್ಳಿ ಸೈತ ಹೋಗಂಗಿಲ್ಲ." ನಾ ಅವನ ಕೈ ಹಿಡದು ಅತ್ತೆ ರೇಣೂ. ದೇವರಂಥ ಮನಿಷ್ಯಾ. ಅವಗಂತ ಬ್ಯಾರೆ ಡಬ್ಬ್ಯಾಗ ಹೂರಣದ ಹೋಳಿಗಿ ಕಟ್ಟಿ ಕೊಟ್ಟೀನಿ.

ನೀ ಹೇಳಿದಂಗ ಇದನ್ನ ಟಪಾಲಿಗೇ ಹಾಕೀನಿ. ಇನ್ನ ನಿಶ್ಚಿಂತಿ ಇರು.

ಆಯಿ


ತಬೇಲಾ
೨೫ ಜುಲೈ ೨೦೨೪

ಆಯೀ,

ಈ ತಬೇಲಾದಾಗ ಕನ್ನಡ ಓದಾಕ ಬರೋರು ಇಬ್ಬರ. ಒಬ್ಬಾಕಿ ನಾನು. ಇನ್ನೊಬ್ಬಾವ ಅಂಬಾರಾಯ. ಅದಕ್ಕ ಗಂಟಿನಾಗ ಕಾಗದ ಇಡಬ್ಯಾಡಂದಿದ್ದೆ. ನೀ ಹಾಕಿದ ಗಂಟು ನೀ ಹಾಕಿದಂಗ ಒಂದು ಸಲನೂ ಬಂದಿಲ್ಲ.

ಅವನ ಆಯೀ. ಅಂಬಾರಾಯನ.

ಸ್ವಾಮಾರ ಮುಂಜಾನೆ ನನ್ನ ಟ್ರಂಕು ಹುಲ್ಲಿನ ಕ್ವಾಣಿ ಹಿಂದಿನ ಖೋಲ್ಯಾಗ ಒಯ್ದು ಇಡಿಸ್ಯಾನ. ಆ ಖೋಲೀಗೆ ಒಳಗಿನ ಚಿಲಕ ಇಲ್ಲ. "ನಿಮ್ಮ ಆಯೀನ ಹೇಳ್ಯಾಳ" ಅಂದ.

ರೇಣು


ಸದಾಶಿವ ಪೇಠ
೨೮ ಜುಲೈ ೨೦೨೪

ರೇಣೂ,

ಬಾ. ಟ್ರಂಕು ಗಿಂಕು ಅಲ್ಲೇ ಒಗದು ಬಾ. ಸಿಕ್ಕ ಬಸ್ಸು ಹತ್ತು.

ನನ್ನ ಬಾಯಿಗೆ ಬೆಂಕಿ ಬೀಳಲಿ. ಎಪ್ಪತ್ನಾಕು ವರ್ಷ ಮಂದೀ ಮಾರಿ ನೋಡಿ ಒಳಗಿನದು ಹೇಳಾಕಿ ಅಂತ ಮೆರದೆ. ಅವನ ಮಾರಿ ಬಿಳುಪೇರಿದ್ದು ನೋಡಿದೆ, ಎದಕ್ಕ ಅಂತ ತಿಳೀಲಿಲ್ಲ. ಯಾದಿ ಜಮಾದಾರನ ಕೈಯಾಗ ಅದ ಅಂತ ನೀ ಬರದಿದ್ದಿ. ಗಂಟು ಬ್ಯಾಡ ಅಂತ ಬರದಿದ್ದಿ. ಓದಿದೆ, ಮ್ಯಾಲ ನಿನಗ ಬೈದೆ.

ಕುದುರಿ ಸವಾರಿ ಎಲ್ಲಾ ಸಾಕು. ಇಲ್ಲೇ ನನ್ನ ಬಾಜೂ ಕುಂತು ರೊಟ್ಟಿ ಬಡಿ. ಸುದ್ದಿ ನಿಮ್ಮವ್ವನ ಕಿವೀಗೆ ಬೀಳಬಾರದು, ನಿಮ್ಮಪ್ಪನ ಕಿವೀಗಂತೂ ಬೀಳಲೇಬಾರದು. ಬಾ.

ಆಯಿ


ಸದಾಶಿವ ಪೇಠ
೧೧ ಆಗಸ್ಟ್ ೨೦೨೪

ರೇಣೂ,

ಹದಿನಾಕು ದಿನಾ ಆತು. ಉತ್ತರ ಇಲ್ಲ.

ನಾಕನೇ ತಾರೀಖಿಗೆ ಅವಾ ಬರಲಿಲ್ಲ. ಲಟ್ಟಣಗಿ ಬಾಗಲ ಹಿಂದ ಇಟಗೊಂಡು ಮುಂಜಾನಿಂದ ಕುಂತಿದ್ದೆ. ಸ್ನೇಹಲ್ ಚಪಾತಿ ಮಾಡತೀ ಏನಂತ ಕೇಳಿದಳು. ಇಲ್ಲವಾ, ಜಮಾದಾರನ್ನ ಲಟ್ಟಸ್ತೀನಿ ಅಂದೆ.

ಮನ್ನೆ ಗುರುವಾರ ನಾನ ಬಂದಿದ್ದೆ. ನಿನಗ ಯಾರೂ ಹೇಳಿರಂಗಿಲ್ಲ. ಎರಡ ಬಸ್ಸು ಬದಲಿ ಮಾಡಿ, ಕೆಸರಾಗ ಅರ್ಧ ಹರದಾರಿ ನಡದು ಗೇಟಿಗೆ ಬಂದು ನಿಂತೆ. ಗೇಟಿನಾವ ಏನೋ ಅಂದ. ನನಗೆಲ್ಲಿ ಕೇಳಸ್ತದ? ಅವ ಬಾಯಿ ಆಡಸ್ತಾನ, ನಾ ಮೊಮ್ಮಗಳು ಅಂತೀನಿ. ಕಡೀಕ ಒಂದು ಚೀಟಿ ಮ್ಯಾಲ ಬರದು ತೋರಿಸಿದ. ಮರಾಠಿ ಮಾತ ಐವತ್ತ ವರ್ಷ ಆಡೀನಿ, ಅಕ್ಷರ ಬರಂಗಿಲ್ಲ. ಚೀಟಿ ಸೆರಗಿನಾಗ ಕಟಗೊಂಡು ಬಂದು ಸ್ನೇಹಲ್ ಕಡೆ ಓದಿಸಿದೆ. "ಭೇಟಿಗೆ ಜಮಾದಾರರ ಪರವಾನಗಿ ಬೇಕು."

ಗೇಟಿನ ಸಂದಿಯಾಗ ಕುದುರಿ ಬೆನ್ನು ಕಂಡವು. ನೀ ಕಾಣಲಿಲ್ಲ. ತಂದ ಗಂಟು ತಿರುಗಿ ತಂದೆ.

ಸಿಟ್ಟಿದ್ರ ಸಿಟ್ಟಂತ ಒಂದು ಸಾಲು ಬರಿ. ಸುಮ್ಮನಿರಬ್ಯಾಡ. ಕಿವುಡಿಗೆ ಮಂದಿ ಸುಮ್ಮನಿದ್ದದ್ದ ಭಾಳ ಕೇಳಸ್ತದ.

ಆಯಿ


ತಬೇಲಾ
೧೬ ಆಗಸ್ಟ್ ೨೦೨೪

ಆಯೀ,

ನೀ ಬಾ ಬಾ ಅಂತ ಬರದೀ. ಏನಾತು ಅಂತ ಕೇಳಲಿಲ್ಲ. ಏನು ಮಾಡಬೇಕಂತೀ ಅಂತನೂ ಕೇಳಲಿಲ್ಲ. ಮದಲ ಯಾರಿಗೆ ಹೇಳಬೇಕು ಅಂತ ನೀನ ಠರಾವ ಮಾಡಿದಿ. ಆಮ್ಯಾಲ ನಾ ಎಲ್ಲಿರಬೇಕು ಅಂತನೂ ನೀನ ಮಾಡಿದಿ. ಅದಕ್ಕ ಬರೀಲಿಲ್ಲ.

ನಾ ಬರಂಗಿಲ್ಲ. ತಪ್ಪು ಮಾಡಿದಾವ ಇಲ್ಲೇ ಇರತಾನ, ನಾ ಟ್ರಂಕು ಹೊತಗೊಂಡು ಹೋಗಬೇಕು, ಹಂಗ್ಯಾಕ?

ಆ ಖೋಲ್ಯಾಗ ನಾ ಒಂದು ದಿನಾನೂ ಮಲಗಲಿಲ್ಲ. ವರದಾಗ ಎಲ್ಲಾ ಹೇಳಿದೆ. ಅವತ್ತ ಸಂಜೀಕ ಆಕಿ ಬಂದು ಟ್ರಂಕು ದರಾ ದರಾ ಎಳಕೊಂಡು ತನ್ನ ಖೋಲ್ಯಾಗ ಇಟ್ಟಳು. ಆಕೀಗೂ ಮದಲನೇ ವರ್ಷ ಇದ ಆಗಿತ್ತಂತ. ಸುಮ್ಮನಿದ್ದಳಂತ. ತಲಿ ಕೆಳಗ ಹಾಕಿ ಹೇಳಿದಳು.

ಹನ್ನೆರಡನೇ ತಾರೀಖು ಮುಂಜಾನೆ ಶೇಂಗಾನ ಹಿಂಗಾಲಿಗೆ ಪಟ್ಟಿ ಸುತ್ತತಿದ್ದೆ. ಬಂದ. ಕೈ ಹಾಕಿದ. ಆರನೇ ಸುತ್ತಿನಾಗ ಇದ್ದೆ. ಚೀರಿದೆ ಆಯೀ. ಪಾಠ ಗೀಠ ಎಲ್ಲಾ ಬಿಟ್ಟು ಗಂಟಲ ಹರಿಯೋವಂಗ ಚೀರಿದೆ. ಶೇಂಗಾ ಜಿಗದು ಒದ್ದಳು. ಅವಗ ಹತ್ತಲಿಲ್ಲ, ಗ್ವಾಡಿಗೆ ಹತ್ತಿತು. ಆಕೀ ಕಾಲು ಬಾತೇದ. ಅಕ್ಟೋಬರ ರೇಸ್ ಹೋತು.

ಶೇಂಗಾನ ಕಾಲು ನೋಡಾಕ ಮುಂಬೈದಿಂದ ಡಾಕ್ಟರ್ ಬಂದ್ರು. ಸಾಹೇಬರು ಎರಡು ತಾಸು ಚೌಕಶಿ ಮಾಡಿದ್ರು. ಯಾವ ಕಾಲು ಮದಲ ಎತ್ತಿದಳು, ಪಟ್ಟಿ ಎಷ್ಟು ಸುತ್ತಾಗಿತ್ತು, ಎದಕ್ಕ ಬೆದರಿದಳು. ನಾ ಚೀರಿದೆ ಅಂದೆ. ಯಾಕ ಚೀರಿದಿ ಅಂದ್ರು. ಹೇಳಿದೆ. ಅವರು ಕಿಡಕಿ ಹೊರಗ ನೋಡಿ, "ಕುದುರಿ ಹತ್ತರ ಚೀರಬಾರದು ಅಂತ ನಿನಗ ಕಲಿಸಿಲ್ಲೇನು" ಅಂದ್ರು. ಚೌಕಶಿ ಮುಗೀತು. ಶೇಂಗಾನ ನನ್ನ ಕಡಿಂದ ತಗದಾರ.

ನಗೋವಂಥದ್ದು ಒಂದು. ಹುಲ್ಲಿನ ಕ್ವಾಣಿ ಬಾಗಲ ಹಿಂದ ಒಂದು ಹಲಗಿ ಸಿಕ್ಕತು. ಹೆಣ್ಣಮಕ್ಕಳ ತಕರಾರು ಕೇಳೋ ಸಮಿತಿ ಅಂತ. ಅಧ್ಯಕ್ಷರು ಸಾಹೇಬರ ಹೆಂಡತಿ, ಆಕಿ ಲಂಡನ್ನಿನಾಗ ಇರತಾಳ. ಸದಸ್ಯರು ಅಂಬಾರಾಯ. ಇನ್ನೊಬ್ಬ ಸದಸ್ಯರು ವರದಾ! ತನ್ನ ಹೆಸರು ಓದಿ ವರದಾ ಎದಿ ಮ್ಯಾಲ ಕೈ ಇಟಗೊಂಡು, "ಅಗ ಬಾಈ, ಮೀ ಕಧೀ ಝಾಲೇ?" ಅಂದಳು. ಯಾವಾಗ ಆದೆ ಅಂತ ಆಕೀಗೇ ಗೊತ್ತಿಲ್ಲ.

ರೇಣು


ಸದಾಶಿವ ಪೇಠ
೨೦ ಆಗಸ್ಟ್ ೨೦೨೪

ರೇಣೂ,

ಏನಾತು ಅಂತ ಈಗ ಕೇಳೀನಿ. ನೀ ಹೇಳೀದಿ. ನಾಕು ಸಲ ಓದೀನಿ. ಏನು ಮಾಡಬೇಕಂತೀ ಅಂತನೂ ಕೇಳತೀನಿ. ಬಾ ಅಂತ ಇನ್ನ ಬರಿಯಂಗಿಲ್ಲ. ಕೈ ಬರೀಬೇಕಂತದ, ಹಿಡದೀನಿ.

ಸ್ನೇಹಲ್ ಮುಂದ ಹೇಳಲೇನು ಅಂತ ಮದಲ ನಿನ್ನ ಕೇಳಬೇಕಾಗಿತ್ತು. ಆದ್ರ ನೀ ಬರದ ಕಾಗದ ಕೈಯಾಗ ಹಿಡಕೊಂಡು ಅಳತ ಕುಂತಾಗ ಆಕೀನ ಬಂದಳು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಹಿಂಗೊಂದು ಹುಡುಗಿಗೆ ಆಗೇದ ಅಂದೆ. ಆಕಿ ನನ್ನ ನೋಡಿದಳು, ಅಷ್ಟಕ್ಕ ತಿಳೀತಿರಬೇಕು. ಪರೀಕ್ಷಾದ ಪುಸ್ತಕ ತಂದು ಹಾಳಿ ತಿರುವಿ ಹಾಕಿದಳು. ಅಂಥಾ ಹಲಗಿ ಸಮಿತಿ ಸಮಿತೀನ ಅಲ್ಲಂತ. ಜಿಲ್ಲಾದಾಗ ಬ್ಯಾರೆ ಸಮಿತಿ ಇರತದಂತ, ಅಲ್ಲೆ ಬರದು ಕೊಡಬೇಕಂತ. ಮೂರು ತಿಂಗಳ ಒಳಗ. ಯಾವ ತಾರೀಖಿಗೆ ಏನಾತು ಅಂತ ಕೇಳತಾರಂತ. ನನ್ನ ಮಾಸ್ತರು ನೆನಪಾದ್ರು.

ಕೊಡೋದು ಬಿಡೋದು ನಿಂದು. ಕೊಡಾಕಿ ಇದ್ರ ಒಂದು ಮಾತು ಹೇಳಬೇಕು. ಅವಾ ಅಲ್ಲಿ ಬಂದು "ನನಗೇನೂ ಗೊತ್ತಿರಲಿಲ್ಲ" ಅಂತಾನಂತ, ಸ್ನೇಹಲ್ ಅಂತಾಳ. ಖೋಲಿ ಬದಲಿ ಮಾಡಿದ್ದು ಹುಲ್ಲಿನ ಕೆಲಸಕ್ಕ ಅಂತಾನಂತ. ಅವಗ ಗೊತ್ತಿತ್ತು ಅನ್ನಾಕ ಒಂದ ಕಾಗದ ಅದ. ನಾ ಜುಲೈ ಇಪ್ಪತ್ತೊಂದಕ್ಕ ಬರದದ್ದು. ದೇವರಂಥ ಮನಿಷ್ಯಾ, ಹೋಳಿಗಿ, ಎಲ್ಲಾ ಅದರಾಗ ಅದ. ಹರದು ಒಗದಿರಲಿ ಅಂತ ಇಷ್ಟ ದಿನಾ ಬೇಡಿಕೊಂಡೀನಿ. ಈಗ ಹರದಿರಬಾರದು ಅಂತ ಬೇಡಿಕೋತೀನಿ.

ಆಯಿ


ತಬೇಲಾ
೨ ಸಪ್ಟಂಬರ ೨೦೨೪

ಆಯೀ,

ಹರದಿಲ್ಲ. ಹರೀಬೇಕಂತ ಎರಡು ಸಲ ಕೈಯಾಗ ತೊಗೊಂಡಿದ್ದೆ. ಇದರ ಜೋಡಿ ಕಳಸೀನಿ. ಜಿಲ್ಲಾ ಸಮಿತೀಗೆ ಅರ್ಜಿ ಬರದು ಸಹಿ ಮಾಡೀನಿ. ವರದಾನೂ ಒಂದು ಬರದು ಕೊಟ್ಟಾಳ. ಆಕೀದು ಹಳೇದು, ನಡೀತದೋ ಇಲ್ಲೋ. ಆದ್ರೂ ಕೊಟ್ಟಾಳ.

ಪರೀಕ್ಷಾದ ಯಾದಿ ಹಚ್ಯಾರ. ಹನ್ನೊಂದು ಹೆಸರು. ನಂದಿಲ್ಲ. ಚೀರಿದ್ದಕ್ಕ ತಪ್ಪಾತು ಅಂತ ಬರದು ಕೊಟ್ರ ಮುಂದಿನ ವರ್ಷ ನೋಡೋಣ ಅಂದ್ರು ಸಾಹೇಬರು.

ಬರದು ಕೊಡಲಿಲ್ಲ.

ರೇಣು


ಸದಾಶಿವ ಪೇಠ
೪ ಅಕ್ಟೋಬರ ೨೦೨೪

ರೇಣೂ,

ನಿನ್ನ ವಿಚಾರಣಾ ಹ್ವಾದ ವಾರ ಆತು, ನಂದು ನಿನ್ನೆ. ನೀ ಇರಲಿಲ್ಲ, ಅದಕ್ಕ ಬರೀತೀನಿ.

ಸ್ನೇಹಲ್ ಕೈ ಹಿಡದು ಒಳಗ ಬಿಟ್ಟು ಹೊರಗ ಕುಂತಳು. ನೀಲಿಮಾಬಾಯಿ ಅಂತ ಹೆಣ್ಣಮಗಳು ನಡುವ ಕುಂತಿದ್ರು, ಆ ಜಿಲ್ಲಾ ಸಮಿತೀಗೆ ಅವರ ಮುಖ್ಯ. ಇದು ಗುಟ್ಟಿನ ವಿಚಾರಣಾ ಅಂತ ಬಾಗಲಾ ಗಟ್ಟಿ ಹಾಕಿಸಿದ್ರು. ಆಮ್ಯಾಲ ನನ್ನ ಕಿವಿ ಸಲುವಾಗಿ ಎಲ್ಲಾರೂ ಸಂತ್ಯಾಗ ಉಳ್ಳಾಗಡ್ಡಿ ಮಾರೋರಂಗ ಒದರಾಕ ಹತ್ತಿದ್ರು. ಅಂಗ್ಯಾಗ ಕೈ ಹಾಕಿದ ಮಾತು ಕಾರಿಡಾರಿನ ಚಹಾದಾವಗೂ ಕೇಳಿಸಿರಬೇಕು. ಕೇಳಲಿ.

ಅಂಬಾರಾಯ ಆ ತುದಿಗೆ ಕುಂತಿದ್ದ. ಹಣಿ ತುಂಬ ವಿಭೂತಿ. ನಮಸ್ಕಾರ್ರಿ ಅವ್ವಾರ ಅಂದದ್ದು ಬಾಯಿ ಮ್ಯಾಲ ಓದಿದೆ. ಈ ಹುಡುಗಿ ತಕರಾರು ನನಗ ಗೊತ್ತ ಇರಲಿಲ್ಲ ಅಂದನಂತ. ಪರೀಕ್ಷಾದ ಯಾದ್ಯಾಗ ಹೆಸರಿಲ್ಲಂತ ಸಿಟ್ಟಿಗೆದ್ದು ಸುಳ್ಳ ಕಟ್ಟ್ಯಾಳ ಅಂದನಂತ.

ನೀಲಿಮಾಬಾಯಿ ನನ್ನ ಕಾಗದ ನನ್ನ ಮುಂದ ಇಟ್ರು. ಸ್ನೇಹಲ್ ಮರಾಠಿ ಮಾಡಿ ಕೊಟ್ಟಿದ್ದಳು, ಆದ್ರೂ "ನೀವ ಓದ್ರಿ ಆಜೀ, ನಿಮ್ಮ ಭಾಷೆದಾಗ ಓದಿ ಅರ್ಥ ಹೇಳ್ರಿ" ಅಂದ್ರು. ಓದಿದೆ. ಒಂದೊಂದು ಸಾಲು. ಅಂಬಾರಾಯ ಪರಮಂದಿ ಅಲ್ಲ ಅನ್ನೋದೂ ಓದಿದೆ. ದೇವರಂಥ ಮನಿಷ್ಯಾ ಅನ್ನೋ ಕಡೆ ನಾಲಿಗಿ ತಿರಗಲಿಲ್ಲ. ನೀರ ಕೊಟ್ರು. ಕುಡದು ಅದನ್ನೂ ಓದಿದೆ. ಹೋಳಿಗಿ ಓದೋಮುಂದ ಒಬ್ಬಾವ ನಕ್ಕ. ನಗು ನಗು, ನಾನೂ ಆಗಿದ್ರ ನಗತಿದ್ದೆ.

"ಹೆಸರು ಬರದಾಳೇನು ಅಂತ ಮೂರು ಸಲ ಕೇಳಿದ" ಅನ್ನೋದು ಬಂದಾಗ ಯಾರೂ ನಗಲಿಲ್ಲ. ನೀಲಿಮಾಬಾಯಿ ತಾರೀಖು ನೋಡಿದ್ರು. ಟಪಾಲಿನ ಮುದ್ರಿ ನೋಡಿದ್ರು. "ಖೋಲಿ ಬದಲಿ ಮಾಡಿದ್ದು ಮರುದಿನ ಏನ್ರಿ" ಅಂತ ಅವಗ ಕೇಳಿದ್ರು. ಹಣಿ ಒರಸಿಕೊಂಡ. ವಿಭೂತಿ ಕೈಗೆ ಬಂತು.

ನೀ ಈ ಮಾತಿಗೆ ಖುಷಿ ಆಗಬ್ಯಾಡ. ಇನ್ನೂ ಕಾಗದಪತ್ರ ಅದಾವ, ಅವನ ಸಾಕ್ಷಿ ಅದಾರ. ತೀರ್ಪು ಆಗಿಲ್ಲ.

ನನಗೊಂದು ಕೇಳಿದ್ರು. "ಆಜೀ, ಹುಡುಗಿ ಹೇಳಬ್ಯಾಡ ಅಂದಿದ್ದಳಲ್ಲ, ಯಾಕ ಹೇಳಿದ್ರಿ?" ನಮ್ಮ ಮಾತಿನಾವ ಇದ್ದ ಅಂದೆ. ಅವರು ಬರಕೊಂಡ್ರು. ಬರದದ್ದು ನೋಡಿದೆ, ಒಂದ ಸಾಲಾತು.

ಆಯಿ


ತಬೇಲಾ
೨೦ ಅಕ್ಟೋಬರ ೨೦೨೪

ಆಯೀ,

ವಿಚಾರಣಾ ಮುಗಿಯೋ ತನಕ ಅವಾ ಈ ತಬೇಲಾದಾಗ ಇರಬಾರದಂತ ಸಮಿತಿಯಾವರು ಬರದ್ರು. ಮನ್ನೆ ಹ್ವಾದ. ಶೇಂಗಾನ ನನಗ ತಿರುಗಿ ಕೊಟ್ಟಾರ. ಕುಂಟತಾಳ, ರೇಸಿಗೆ ಬರಂಗಿಲ್ಲ, ಅದಕ್ಕ ಕೊಟ್ಟಿರಬೇಕು. ನಿನ್ನೆ ಪಟ್ಟಿ ಸುತ್ತೋಮುಂದ ಹಿಂದ ಬಕೆಟ್ ಸಪ್ಪಳಾತು. ನಾನೂ ಬೆಚ್ಚಿದೆ, ಆಕೀನೂ ಬೆಚ್ಚಿದಳು. ಪಟ್ಟಿ ಬಿಚ್ಚಿ ಮದಲಿಂದ ಸುತ್ತಿದೆ.

ನನ್ನ ಜೋಡಿ ಗಂಡಸರು ಮಾತಾಡಂಗಿಲ್ಲ. ಇರಲಿ.

ನೀ ಕಾಗದ ಓದಿದ್ದು ನೀಲಿಮಾಬಾಯಿ ನನಗೂ ಹೇಳಿದ್ರು. ನೀ ಬರದಷ್ಟ ಅಲ್ಲ. ಓದಿ ಮುಗಿಸಿ ಅವನ ಕಡೆ ಬಟ್ಟು ಮಾಡಿ "ನನ್ನ ಹೋಳಿಗಿ ಡಬ್ಬಿ ತಿರುಗಿ ಕೊಡು" ಅಂದಿಯಂತಲ್ಲ. ಅದನ್ನ್ಯಾಕ ಬರೀಲಿಲ್ಲ?

ಇನ್ನೊಂದು. ಅವನ್ನ ಮನಿಗೆ ಕಳಿಸಿಲ್ಲ. ಸಾಹೇಬರ ಇನ್ನೊಂದು ತಬೇಲಾಕ್ಕ ಹಾಕ್ಯಾರ. ಅಲ್ಲೂ ಜಮಾದಾರನ. ಅಲ್ಲಿ ಹೊಸದಾಗಿ ಇಬ್ಬರು ಹುಡುಗ್ಯಾರು ಬಂದಾರಂತ ವರದಾ ಹೇಳಿದಳು. ಪಟ್ಟಿ ಸುತ್ತೋದು ಕಲೀಲಿಕ್ಕ ಹತ್ಯಾರಂತ. ಇದಕ್ಕೇನು ಮಾಡಬೇಕು ಆಯೀ? ಇಷ್ಟೆಲ್ಲಾ ಮಾಡಿ ಅವನ್ನ ನಾ ಅವರ ಹಂತೇಲಿ ಕಳಿಸಿದಂಗ ಆತಲ್ಲ.

ರೇಣು


ಸದಾಶಿವ ಪೇಠ
೨೪ ಅಕ್ಟೋಬರ ೨೦೨೪

ರೇಣೂ,

ನೀ ಕಳಿಸಿಲ್ಲ. ಕಳಿಸಿದಾವ ನಿಮ್ಮ ಸಾಹೇಬ. ಅದನ್ನ ನಿನ್ನ ತಲೀ ಮ್ಯಾಲ ಹೊತಗೋಬ್ಯಾಡ, ಹೊರೋದು ನನ್ನ ಕಡೆ ಭಾಳ ಅದ. ಸಮಿತೀಗೆ ಇವತ್ತ ಸ್ನೇಹಲ್ ಕೈಲೆ ಬರಸಿ ಹಾಕೀನಿ. ಆ ತಬೇಲಾದಾಗೂ ಹುಡುಗ್ಯಾರು ಅದಾರ ಅಂತ, ಅವಾ ಅಲ್ಲೂ ಜಮಾದಾರನ ಅಂತ. ಉತ್ತರ ಬರೋತನಕ ಸುಮ್ಮನ ಕುಂದ್ರಾಕ ಆಗಂಗಿಲ್ಲ.

ಡಬ್ಬಿ ಮಾತು ಬರೀಲಿಲ್ಲ ಖರೆ. ನಾಚಿಕಿ ಬಂತು. ಡಬ್ಬಿ ಇನ್ನೂ ಬಂದಿಲ್ಲ.

ಆ ಇಬ್ಬರು ಹುಡುಗ್ಯಾರ ಹೆಸರು ವರದಾ ಕಡಿಂದ ಕೇಳಿ ಕಳಸು. ಅವರಿಗೆ ಕನ್ನಡ ಬರಲಿಕ್ಕಿಲ್ಲ, ಮರಾಠಿ ಇರಬೇಕು. ಅದಕ್ಕ ಸ್ನೇಹಲ್ ನನಗ ಮರಾಠಿ ಅಕ್ಷರ ಕಲಸಾಕ ಹತ್ಯಾಳ. ಅದ ಹಲಗಿ ಮ್ಯಾಲ, ಅದ ಹಿಟ್ಟಿನಾಗ. ಎಪ್ಪತ್ನಾಕಕ್ಕ ಐದನೇ ಇಯತ್ತೆ ಸುರು. ಆಕಿ ಹಂತೇಲಿ ಫೂಟಪಟ್ಟಿ ಇಲ್ಲ, ಆದ್ರ ಕಣ್ಣ ಭಾಳ ಜೋರ.

ಗಂಟು ಇನ್ನ ಯಾರ ಕೈಲೂ ಕಳಸಂಗಿಲ್ಲ. ರವಿವಾರ ನಾನ ಹೊತಗೊಂಡು ಬರತೀನಿ. ಪರವಾನಗಿ ಕೊಡಾಕ ಈಗ ಅಲ್ಲಿ ಜಮಾದಾರ ಇಲ್ಲಲ್ಲ. ನಿನಗೊಂದು, ವರದಾಗೊಂದು ತರತೀನಿ. ಶೇಂಗಾನ ಸಲುವಾಗಿ ಬ್ಯಾರೆ ಹಿಂಡಿ ಮಾಡೀನಿ, ಖಾರಾ ಹಾಕಿಲ್ಲ. ಇನ್ನೆರಡು ಸಣ್ಣ ಗಂಟು ಇರತಾವ. ಅವು ಆ ಹುಡುಗ್ಯಾರಿಗೆ. ಬರೋ ದಾರ್‍ಯಾಗ ಅವರ ತಬೇಲಾದ ಗೇಟಿನ ಮುಂದನೂ ನಿಂದ್ರತೀನಿ, ಚೀಟಿ ತೋರಿಸಿದ್ರ ಈ ಸಲ ನಾನ ಓದತೀನಿ.

ಅವರ ಗಂಟಿನೊಳಗ ರೊಟ್ಟಿ ಕೆಳಗ ಒಂದೊಂದು ಪಾಕೀಟ ಇಟ್ಟೀನಿ. ಟಿಕೀಟು ಹಚ್ಚೀನಿ, ನನ್ನ ಮನಿ ಪತ್ತಾ ಬರದೀನಿ. ಒಳಗಿನ ಹಾಳಿ ಖಾಲಿ ಬಿಟ್ಟೀನಿ. ಮ್ಯಾಲ ಬಲಗಡೆ ಒಂದ ಮಾತು ನಾನ ಮರಾಠಿಯಾಗ ಬರದೀನಿ, ಸೊಟ್ಟ ಬಂದದ, ಆದ್ರ ಓದಾಕ ಬರತದ.

ತಾರೀಖು, ಅಂತ.

ನಿನ್ನ ಆಯಿ
ಚನ್ನಬಸವ್ವ